ಗಂಬೂಟಿನೊಳಗಿನ ಕಲ್ಲು

ಹೊರನಾಡು, ಕಳಸದ ಕಾಫಿ ತೋಟಗಳಲ್ಲಿ ಮಳೆಗಾಲದಲ್ಲಿ ಕಾಲಿಗೆ ಗಾಯವಾಗುವುದು ಸುದ್ದಿಯೇ ಅಲ್ಲ. ಇಂಬಳ ಕಚ್ಚುತ್ತದೆ, ಮುಳ್ಳು ಚುಚ್ಚುತ್ತದೆ, ಗಂಬೂಟು ಉಜ್ಜುತ್ತದೆ. ಆದರೆ ಹತ್ತು ಹದಿನೈದು ವರ್ಷ ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಲೆಕ್ಕವೇ ಬೇರೆ. ನರಗಳು ಮರಗಟ್ಟಿರುತ್ತವೆ, ರಕ್ತದ ಓಡಾಟ ಕಡಿಮೆಯಾಗಿರುತ್ತದೆ.

ನನ್ನ ಸೋದರಮಾವನ ಗಂಬೂಟಿನೊಳಗೆ ಇಡೀ ದಿನ ಒಂದು ಸಣ್ಣ ಕಲ್ಲಿತ್ತು. ಅವರಿಗೆ ತಿಳಿದದ್ದು ಸಂಜೆ, ಕಾಲುಚೀಲದಲ್ಲಿ ರಕ್ತ ನೋಡಿದಾಗ. ಪೇಟೆಯ ಅಂಗಡಿಯೊಂದರಿಂದ ಚೀಟಿಯಿಲ್ಲದೆ ಗುಳಿಗೆ ತಂದರು. ಗಾಯ ಒಣಗಿದಂತೆ ಕಂಡಾಗ ಬಿಟ್ಟರು. ಮತ್ತೆ ಕೀವು, ಬೇರೊಂದು ಗುಳಿಗೆ. ಹೀಗೆ ಒಂದೂವರೆ ತಿಂಗಳು. "ಎಂತ ಇಲ್ಲ ಮಾರಾಯ, ನೋವೇ ಇಲ್ಲ" ಎನ್ನುತ್ತಿದ್ದರು. ವಾಸನೆ ಬರತೊಡಗಿದ ಮೇಲೆ ಕುದುರೆಮುಖದ ದಾರಿಯಾಗಿ ಘಟ್ಟ ಇಳಿಸಿ ಮಂಗಳೂರಿಗೆ ಕರೆದೊಯ್ದೆವು.

ವೈದ್ಯರು ಕೊಳೆತ ಮಾಂಸ ತೆಗೆದು, ಆಳದ ತುಣುಕೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಮೇಲಿನ ಕೀವನ್ನಷ್ಟೇ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲೆ ಸುಮ್ಮನೆ ಕುಳಿತ ಜೀವಿಗಳೂ ಸೇರಿ ದಾರಿ ತಪ್ಪಿಸುತ್ತವಂತೆ. ಪಾಶ್ಚಾತ್ಯ ಪಠ್ಯಗಳಲ್ಲಿ ಈ ಸೋಂಕಿನ ಮೊದಲ ಆರೋಪಿ ಸ್ಟೆಫೈಲೊಕಾಕಸ್ ಆರಿಯಸ್. ನಮ್ಮ ದೇಶದಲ್ಲಿ ಸ್ಯೂಡೊಮೊನಾಸ್, ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ಹಳೆಯ ಗಾಯದಲ್ಲಿ ಹಲವು ಒಟ್ಟಿಗೇ ಬೀಡುಬಿಟ್ಟಿರುತ್ತವೆ.

ಮಾವನ ವರದಿಯಲ್ಲಿ ಎರಡು ಹೆಸರುಗಳಿದ್ದವು. ಕೆಳಗೆ ಔಷಧಿಗಳ ಪಟ್ಟಿ, ಹಲವುದರ ಎದುರು 'ಆರ್' ಎಂಬ ಅಕ್ಷರ. ಅಂದರೆ ಈ ಮದ್ದಿಗೆ ಬಗ್ಗದು ಎಂದರ್ಥ. ಅವರು ನುಂಗಿದ್ದ ಎರಡೂ ಗುಳಿಗೆಗಳ ಮುಂದೆ ಅದೇ ಅಕ್ಷರ. ಪ್ರತಿ ಗುಳಿಗೆಗೂ ಮಣಿಯುವವು ಸಾಯುತ್ತವೆ, ಮಣಿಯದವು ಉಳಿದು ಹೆಚ್ಚುತ್ತವೆ. ಕೆಲವು ಔಷಧಿಯನ್ನೇ ಒಡೆಯುವ ಕಿಣ್ವ ತಯಾರಿಸುತ್ತವೆ. ಆ ವಿದ್ಯೆಯ ಜೀನನ್ನು ಪಕ್ಕದವಕ್ಕೂ ದಾಟಿಸುತ್ತವೆ. ಕೊನೆಗೆ ಉಳಿದದ್ದು ಆಸ್ಪತ್ರೆಯಲ್ಲೇ ಮಲಗಿ ತೆಗೆದುಕೊಳ್ಳಬೇಕಾದ ದುಬಾರಿ ಇಂಜೆಕ್ಷನ್. ಎರಡು ಬೆರಳು ಹೋದವು, ಪಾದ ಉಳಿಯಿತು.

2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಪ್ರಕಾರ ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು ಮಾರಿದಾಗ ಅಂಗಡಿಯವರು ವೈದ್ಯರ ಹಾಗೂ ರೋಗಿಯ ಹೆಸರು ಬರೆದು, ಆ ಪುಸ್ತಕವನ್ನು 3 ವರ್ಷ ಇಡಬೇಕು. ಈ ನಿಯಮಕ್ಕೆ ನಮ್ಮ ಬೆಟ್ಟದ ಬಸ್ಸು ಇನ್ನೂ ಸಿಕ್ಕಿಲ್ಲವೆಂದು ಕಾಣುತ್ತದೆ. ಹಾಗೆಂದು ಅಂಗಡಿಯವರನ್ನೇ ಬೈದು ಪ್ರಯೋಜನವಿಲ್ಲ. ವೈದ್ಯರನ್ನು ಕಾಣಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ.

ವುಝೂ ಮಾಡುವಾಗ ಕಾಲ್ಬೆರಳ ಸಂದಿಯನ್ನೂ ತೊಳೆಯುವುದು ಮಾವನ ರೂಢಿ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿ, ಅಂಗಾಲನ್ನು ದಿನಾ ನೋಡಿ ಎಂದರು ವೈದ್ಯರು. ಮಾವನ ಕಣ್ಣೂ ಈಗ ಮಂಜು. ನೋಡುವ ಕೆಲಸ ಮಾಮಿಯದು; ಚಪ್ಪಲಿಯನ್ನು ಬೋರಲು ಹಾಕಿ ಕೊಡವಿ ಕೊಡುವುದೂ ಅವರೇ.