ಒಂದು ಸುತ್ತು ಲೂಸ್

ಪಂಚರ್ ಅಂಗಡಿಯ ಹುಡುಗನ ಜವಾಬ್ದಾರಿ ಟ್ಯೂಬಿಗೆ ತೇಪೆ ಹಚ್ಚಿ, ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಬರುತ್ತಿಲ್ಲ ಎಂದು ತೋರಿಸುವ ತನಕ ಮಾತ್ರ. ಆಮೇಲೆ ಅವನು ಹಿಂದಿನ ಚಕ್ರವನ್ನು ಅದರ ಜಾಗಕ್ಕೆ ತಳ್ಳಿ, ಆಕ್ಸಲ್ ತೂರಿಸಿ, ಸ್ಪ್ಯಾನರಿನ ಮೇಲೆ ಕಾಲಿಟ್ಟು ಬಿಗಿದು, "ಆಯ್ತು ಸಾರ್" ಎಂದುಬಿಡುತ್ತಾನೆ. ಬ್ರೇಕೇನಪ್ಪಾ ಅಂದರೆ, "ನೋಡ್ಕೊಂಡು ಹೋಗಿ ಸಾರ್." ನಾನು ನೋಡಿಕೊಂಡೇ ಹೋಗುವವನು. ನೂರಡಿ ರಸ್ತೆಯಲ್ಲಿ ನೋಡದೆ ಹೋಗುವವರು ಬೇರೆಯೇ ಇದ್ದಾರೆ.

ನನ್ನದು ಯಮಹಾ ಆರ್‌ಎಕ್ಸ್ 100. 1985ರಲ್ಲಿ ಬಂದು, 1996ರಲ್ಲಿ ತಯಾರಿ ನಿಂತುಹೋದ 98 ಸಿಸಿಯ ಟೂ ಸ್ಟ್ರೋಕ್ ಗಾಡಿ. ಅದರ ಪಿಕಪ್ ಬಗ್ಗೆ ಉಪನ್ಯಾಸ ಕೊಡಲು ಬೆಂಗಳೂರಿನ ಪ್ರತಿ ಬೇಕರಿಯ ಮುಂದೆಯೂ ಒಬ್ಬ ಪಂಡಿತ ಸಿಗುತ್ತಾನೆ. ಅದು ನಿಲ್ಲುವುದು ಹೇಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಇಂದಿರಾನಗರದಲ್ಲಂತೂ ಪಿಕಪ್ಪಿಗೆ ಈಗ ಕೆಲಸವೇ ಇಲ್ಲ; ಸಿಎಂಎಚ್ ರಸ್ತೆಯ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ದುಡಿಯುವುದೆಲ್ಲ ಬ್ರೇಕೇ. ರಾಹುಲ್ ದ್ರಾವಿಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ತಾನು ಇಂದಿರಾನಗರದ ಗೂಂಡಾ ಎಂದು ಕೂಗಾಡಿದ 2021ರ ಜಾಹೀರಾತು ನೋಡಿ ದೇಶವೆಲ್ಲ ಬಿದ್ದು ಬಿದ್ದು ನಕ್ಕಿತು. ನಮ್ಮ ಬೀದಿಯವರಿಗೆ ಅದರಲ್ಲಿ ನಗುವಂಥದ್ದು ಏನಿದೆ ಎಂದೇ ಅರ್ಥವಾಗಲಿಲ್ಲ.

ಡ್ರಮ್ ಬ್ರೇಕಿನ ಒಳಗುಟ್ಟು ದೊಡ್ಡದೇನಲ್ಲ. ಹಬ್ಬಿನ ಒಳಗೆ ಕಮಾನಿನಾಕಾರದ ಎರಡು ಶೂ, ಅವುಗಳ ನಡುವೆ ಒಂದು ಕ್ಯಾಮ್. ಪೆಡಲ್ ಒತ್ತಿದರೆ ರಾಡು ಎಳೆಯುತ್ತದೆ, ಕ್ಯಾಮ್ ಹೊರಳುತ್ತದೆ, ಶೂಗಳು ಅಗಲಿ ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುತ್ತವೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಕಾರಿಗೆಂದು ಮಾಡಿದ ಏರ್ಪಾಡಿನ ವಂಶದ್ದೇ ಇದು. ಕಷ್ಟವಿರುವುದು ರಾಡಿನ ತುದಿಯ ಒಂದೇ ಒಂದು ನಟ್ಟಿನಲ್ಲಿ.

ಆ ನಟ್ಟಿನ ವಿದ್ಯೆಯನ್ನು ನನಗೆ ಕಲಿಸಿದವರು ಹಲಸೂರಿನ ಒಬ್ಬ ಹಿರಿಯ ಮೆಕ್ಯಾನಿಕ್. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು. "ಮೊದ್ಲು ಚೈನು, ಆಮೇಲೆ ಬ್ರೇಕು. ಉಲ್ಟಾ ಮಾಡಿದ್ರೆ ಎರಡನ್ನೂ ಇನ್ನೊಂದ್ಸಲ ಮಾಡ್ತೀರಾ," ಎಂಬುದು ಅವರ ಮೊದಲ ಪಾಠ. ಚೈನು ಟೈಟ್ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆದರೆ ಬ್ರೇಕಿನ ಲಿವರೂ ಚಕ್ರದ ಜೊತೆ ಹಿಂದಕ್ಕೆ ಹೋಗುತ್ತದೆ. ರಾಡು ಮಾತ್ರ ಇದ್ದಷ್ಟೇ ಉದ್ದ. ಹಾಗಾಗಿ ಯಾರೂ ಪೆಡಲ್ ಮುಟ್ಟದೆಯೇ ಬ್ರೇಕು ಅರ್ಧ ಹಿಡಿದು ಕೂತಿರುತ್ತದೆ. ಚೈನು ನಡುಮಧ್ಯದಲ್ಲಿ ಸುಮಾರು ಒಂದಿಂಚು ಮೇಲೆ ಕೆಳಗೆ ಆಡಬೇಕು. ಎರಡು ಪಕ್ಕದ ಗೆರೆಗಳೂ ಸಮ ಇರಬೇಕು. ಆಕ್ಸಲ್ ನಟ್ಟನ್ನು ಕೊನೆಯ ಬಾರಿ ಬಿಗಿಯುವಾಗ ಯಾರಾದರೂ ಪೆಡಲನ್ನು ಒತ್ತಿ ಹಿಡಿದಿರಬೇಕು. ಆಗ ಎರಡೂ ಶೂ ಡ್ರಮ್ಮಿಗೆ ಸಮನಾಗಿ ಕೂತು ಪ್ಲೇಟು ನಡುವಿಗೆ ಬರುತ್ತದೆ. ಭಾಯಿಯ ಗ್ಯಾರೇಜಿನಲ್ಲಿ ಪೆಡಲ್ ಒತ್ತುವ ಕೆಲಸ ಗಿರಾಕಿಗೇ ಮೀಸಲು. ಅದಕ್ಕೆ ಬಿಲ್ಲಿನಲ್ಲಿ ರಿಯಾಯಿತಿ ಏನೂ ಇರುತ್ತಿರಲಿಲ್ಲ.

ಆಮೇಲೆ ಅವರು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ನಟ್ಟಿಗೆ ಕೈ ಹಾಕುತ್ತಿದ್ದರು. ಆ ನಟ್ಟಿನ ಮುಖದಲ್ಲಿ ಅರ್ಧ ಗುಂಡನೆಯ ತಗ್ಗೊಂದಿದೆ. ಲಿವರಿನ ಪಿನ್ನು ಅದರೊಳಗೆ ಕೂರುತ್ತದೆ. ಅರ್ಧ ಸುತ್ತಿಗೊಮ್ಮೆ ಟಕ್ ಎಂದು ಕೂತರೆ ಸರಿ. ಕೂರದೆ ಅಂಚಿನ ಮೇಲೆ ನಿಂತರೆ, ಮೊದಲ ಉಬ್ಬಿನಲ್ಲಿ ಜಾರಿ ತಗ್ಗಿಗೆ ಬಿದ್ದು, ನೀವು ಮಾಡಿದ ಲೆಕ್ಕವೆಲ್ಲ ನೀರುಪಾಲು. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಶೂ ತಾಗುವವರೆಗೆ ಬಿಗಿಯುತ್ತಿದ್ದರು. ಕಾವಲಿಯ ಮೇಲೆ ಅರ್ಧ ಈರುಳ್ಳಿ ಸವರಿದ ಹಾಗೆ ಒಂದು ಸಣ್ಣ ಸದ್ದು. "ಕೇಳಿಸ್ತಾ?" ಎಂದು ತಲೆ ಓರೆ ಮಾಡಿ, "ಈಗ ಒಂದು ಸುತ್ತು ಲೂಸ್ ಬಿಡಿ," ಎನ್ನುತ್ತಿದ್ದರು. ಕಾಲಲ್ಲಿ ಒತ್ತಿದರೆ ಪೆಡಲ್ ಎರಡು ಮೂರು ಸೆಂಟಿಮೀಟರ್ ಖಾಲಿ ಇಳಿದು ಆಮೇಲೆ ಹಿಡಿಯಬೇಕು. ಅದಕ್ಕಿಂತ ಕಡಿಮೆಯಾದರೆ ಶೂ ಸದಾ ಉಜ್ಜಿ ಹಬ್ಬು ಬಿಸಿಯಾಗುತ್ತದೆ. ಹೆಚ್ಚಾದರೆ ನೀವು ಪೆಡಲ್ ತುಳಿಯುವುದಕ್ಕೂ ಗಾಡಿ ಅದಕ್ಕೆ ಒಪ್ಪುವುದಕ್ಕೂ ನಡುವೆ ಒಂದು ಆಟೋ ನುಗ್ಗಿರುತ್ತದೆ.

ಭಾಯಿ ಈಗಿಲ್ಲ. ನಟ್ಟು ತಿರುಗಿಸುವುದು ನನಗೂ ಬರುತ್ತದೆ. ನನಗೆ ಸಿಗದಿರುವುದು ಆ ಸದ್ದನ್ನು ಕೇಳಿಸಿಕೊಳ್ಳುವಷ್ಟು ನಿಶ್ಶಬ್ದ.

ಹಿಂದೆ ನಮ್ಮ ಬಡಾವಣೆ ಮೌನವಾಗಿತ್ತು ಎಂದು ಸುಳ್ಳು ಹೇಳಲಾರೆ. ಪಕ್ಕದಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣವಿತ್ತು. ಆದರೆ ವಿಮಾನಗಳಿಗೆ ಒಂದು ಶಿಸ್ತಿತ್ತು. ಒಂದು ಹೋದ ಮೇಲೆ ಇನ್ನೊಂದು ಬರುವ ಮೊದಲು ಒಂದಿಷ್ಟು ಬಿಡುವು ಸಿಗುತ್ತಿತ್ತು. ಮೇಲೆ ಸದ್ದಾದಾಗ ಚಕ್ರ ನಿಲ್ಲಿಸಿ, ಆಕಾಶ ಖಾಲಿಯಾದ ಮೇಲೆ ಮತ್ತೆ ತಿರುಗಿಸಿದರಾಯಿತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಇನ್ನು ಆರಾಮವಾಗಿ ಬ್ರೇಕು ಹೊಂದಿಸಬಹುದು ಎಂದುಕೊಳ್ಳುತ್ತಿರುವಾಗಲೇ ಸಿಎಂಎಚ್ ರಸ್ತೆಯಲ್ಲಿ ಮೆಟ್ರೋಗೆ ಕಂಬ ನೆಡುವ ಕಾಮಗಾರಿ. 2011ರ ಅಕ್ಟೋಬರ್ 20ರಂದು ರೈಲೂ ಓಡಿತು. ಅಷ್ಟರಲ್ಲಿ ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಪಬ್ಬುಗಳಾಗತೊಡಗಿದ್ದವು. ಪಬ್ಬಿಗೆ ವಿಮಾನದ ಹಾಗೆ ಬಿಡುವು ಎಂಬುದಿಲ್ಲ. ಈಗಿನ ಹುಡುಗರಿಗೆ ಈ ತಾಪತ್ರಯವೂ ಇಲ್ಲ ಬಿಡಿ. ಅವರ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಡಿಸ್ಕ್ ಬ್ರೇಕು, ಅದು ಸವೆದಷ್ಟೂ ತಾನೇ ಹೊಂದಿಕೊಳ್ಳುತ್ತದೆ.

ಹಾಗಾಗಿ ನಾನು ಚಕ್ರದ ಕೆಲಸವನ್ನು ಭಾನುವಾರ ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದೇನೆ. ಶನಿವಾರದ ರಾತ್ರಿ ಮುಗಿಸಿದವರು ಮನೆ ಸೇರಿರುತ್ತಾರೆ, ವಾಕಿಂಗಿನವರು ಇನ್ನೂ ಶೂ ಕಟ್ಟುತ್ತಿರುತ್ತಾರೆ. ಆ ಸಂದಿನಲ್ಲಿ ಸದ್ದು ಸ್ಪಷ್ಟ. ಬಿಗಿದೆ, ಕೇಳಿದೆ, ಒಂದು ಸುತ್ತು ಬಿಟ್ಟೆ. ಪೆಡಲ್ ಒತ್ತಿದರೆ ಬ್ರೇಕ್ ಲೈಟು ಉರಿಯುತ್ತದೋ ಇಲ್ಲವೋ ನೋಡಲು ಹಿಂದೊಬ್ಬರು ಬೇಕು, ಎದುರು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಕುರ್ಚಿಯಿಂದ ಏಳದೆಯೇ "ಬಂತು... ಹೋಯ್ತು... ಬಂತು" ಎಂದು ಕಾಮೆಂಟರಿ ಕೊಡುತ್ತಾನೆ.

ಉಳಿದದ್ದು ಓಡಿಸಿ ನೋಡುವುದು. ಅಲ್ಲೇ ತೊಡಕು. ಟೂ ಸ್ಟ್ರೋಕ್ ಗಾಡಿಗೆ ಒಂದು ಕಿಕ್ ಕೊಟ್ಟರೆ ಇಡೀ ಅಡ್ಡರಸ್ತೆ ಎದ್ದು ಕೂರುತ್ತದೆ. ನಮ್ಮ ಮೇಲ್ಮಹಡಿಯ ನಿವೃತ್ತ ವಿಂಗ್ ಕಮಾಂಡರರಿಗೆ ಪಬ್ಬುಗಳ ವಿರುದ್ಧ ಅರ್ಜಿ ಬರೆದು ಬರೆದು ಶಬ್ದಮಾಲಿನ್ಯದ ನಿಯಮಗಳು ಕಂಠಪಾಠ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45; ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಆ ಅರ್ಜಿಗಳಿಗೆ ನಾನೂ ಸಹಿ ಹಾಕಿದವನೇ. ಅವರು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು, ಏನೂ ಮಾತಾಡದೆ ಕೈಗಡಿಯಾರ ನೋಡಿಕೊಂಡರು. ಐದೂ ಮುಕ್ಕಾಲು.

ಕೀ ಜೇಬಿಗೆ ಹಾಕಿಕೊಂಡು ಗಾಡಿಯನ್ನು ನೂರಡಿ ರಸ್ತೆಯ ಕಡೆಗೆ ತಳ್ಳಿಕೊಂಡು ಹೊರಟೆ. ನಿಜ ಹೇಳಬೇಕೆಂದರೆ, ಶೂ ಹಿಡಿದಿದೆಯೋ ಇಲ್ಲವೋ ತಿಳಿಯಲು ಗಾಡಿ ತಳ್ಳುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಚಕ್ರ ಹಗುರವಾಗಿ ಉರುಳುತ್ತಿತ್ತು, ಎಲ್ಲೂ ತಡೆಯಿಲ್ಲ. ಖುಷಿಯಿಂದ ಇನ್ನೂ ಸ್ವಲ್ಪ ದೂರ ತಳ್ಳಿದೆ. ಓಡುತ್ತ ಬಂದ ಹುಡುಗನೊಬ್ಬ ಕಿವಿಯ ಇಯರ್‌ಫೋನ್ ತೆಗೆದು ನಿಂತ.

"ಅಂಕಲ್, ಪೆಟ್ರೋಲ್ ಖಾಲಿನಾ?"