ಕೆರೆಯಂಚಿನ ಗಿರ್ಲು

ದೊಡ್ಡಗದ್ದವಳ್ಳಿಗೆ ಬರುವವರೆಲ್ಲ ಲಕ್ಷ್ಮೀದೇವಿ ಗುಡಿ ನೋಡಲು ಬರುತ್ತಾರೆ. ನಾಲ್ಕು ಗರ್ಭಗುಡಿಗಳ ಈ ದೇವಾಲಯವನ್ನು 1113ರ ಸುಮಾರಿಗೆ, ವಿಷ್ಣುವರ್ಧನನ ಆಳ್ವಿಕೆಯಲ್ಲಿ, ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದರು. ನನಗೆ ಗುಡಿಯಷ್ಟೇ ಅದರ ಮಗ್ಗುಲಿನ ಕೆರೆಯೂ ಇಷ್ಟ. ಹೊತ್ತು ಮುಳುಗಿದ ಮೇಲಂತೂ ಇನ್ನೂ ಇಷ್ಟ, ಏಕೆಂದರೆ ಗಿರ್ಲು ಮೇವಿಗೆ ಹೊರಡುವುದೇ ಆಗ.

ಗಿರ್ಲು ಗೇಣುದ್ದದೊಳಗಿನ ಮೀನು. ಹುರುಪೆಯಿಲ್ಲದ ನುಣುಪು ಮೈ, ಪಕ್ಕೆಯಲ್ಲಿ ಉದ್ದ ಪಟ್ಟೆ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ಹಗಲು ಜೊಂಡಿನ ಬುಡದಲ್ಲೋ ಏರಿಯ ಕಲ್ಲುಸಂದಿಯಲ್ಲೋ ಅಡಗಿರುತ್ತದೆ. ಕತ್ತಲಾದರೆ ಕೆಸರನ್ನು ಮೀಸೆಯಿಂದ ತಡವುತ್ತಾ ಹುಳುಹುಪ್ಪಟೆ ಹುಡುಕುತ್ತದೆ. ರುಚಿ ಹಿಡಿಯುವ ಶಕ್ತಿ ಆ ಮೀಸೆಗಳಿಗೇ ಇರುವುದರಿಂದ ಕದಡಿದ ನೀರಿನಲ್ಲೂ ಅದಕ್ಕೆ ಊಟ ತಪ್ಪುವುದಿಲ್ಲ.

ಇದನ್ನು ಹಿಡಿಯಲು ದೊಡ್ಡ ಸರಂಜಾಮು ಬೇಡ. ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡು, ಸಣ್ಣ ಗಾಳ, ತಿಪ್ಪೆ ಕೆದಕಿ ತಂದ ಎರೆಹುಳು ಸಾಕು. ಬೆಂಡು ಕಾಣದಷ್ಟು ಕತ್ತಲಾದಾಗ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೂರುತ್ತೇನೆ. ಮೊದಲು ಬೆರಳಿಗೆ ಸಣ್ಣ ಮಿಡಿತ. ಆಗ ಎಳೆದರೆ ಹುಳು ಮಾತ್ರ ಹೋಗುತ್ತದೆ. ದಾರ ಪಕ್ಕಕ್ಕೆ ಜಾರತೊಡಗಿದಾಗ ಕಡ್ಡಿ ಎತ್ತಬೇಕು. ಆ ಒಂದು ಕ್ಷಣ ಕಾಯುವುದರಲ್ಲೇ ಈ ಹವ್ಯಾಸದ ಸುಖವೆಲ್ಲ ಇದೆ.

ಕೈಗೆ ಬಂದ ಗಿರ್ಲು ಬೆನ್ನಿನದೊಂದು, ಪಕ್ಕದವೆರಡು ಮುಳ್ಳನ್ನು ಸೆಟೆಸಿ ಬೀಗ ಹಾಕಿದಂತೆ ನಿಲ್ಲಿಸುತ್ತದೆ. ಚುಚ್ಚಿದರೆ ಗಂಟೆಗಟ್ಟಲೆ ಉರಿ. ಪಕ್ಕದ ಮುಳ್ಳುಗಳ ಹಿಂದೆ ಎರಡು ಬೆರಳು ಕೊಟ್ಟು ಹಿಡಿದು ಗಾಳ ಬಿಡಿಸಬೇಕು. ಆಗ ಮುಳ್ಳಿನ ಬುಡ ಗೂಡಿನಲ್ಲಿ ಉಜ್ಜಿ ಕರಕರ ಸದ್ದು ಬರುತ್ತದೆ. ಅಷ್ಟು ಸಣ್ಣ ಜೀವದ ಅಷ್ಟು ಗಟ್ಟಿ ಪ್ರತಿಭಟನೆ ಕೇಳಿದರೆ ನನಗೆ ಅದರ ಮೇಲೆ ಗೌರವ ಹೆಚ್ಚುತ್ತದೆ. ಒಂದು ಹೊತ್ತಿನ ಸಾರಿಗೆ ಆಗುವಷ್ಟು ಇಟ್ಟುಕೊಂಡು ಮಿಕ್ಕವನ್ನು ನೀರಿಗೆ ಬಿಡುತ್ತೇನೆ.

ಗಿರ್ಲು ಬದುಕುವುದು ಕೆರೆಯ ಅಂಚಿನಲ್ಲಿ. ಅಂದಕ್ಕೆಂದು ಜೊಂಡು ಕಿತ್ತು ದಡಕ್ಕೆಲ್ಲ ಕಾಂಕ್ರೀಟ್ ಬಳಿದರೆ ಅದಕ್ಕೆ ಮನೆಯೇ ಇಲ್ಲ. ಸಾಕಲು ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೆರೆ ಸೇರಿದರೆ ಸಣ್ಣ ಮೀನುಗಳನ್ನು ನುಂಗಿಬಿಡುತ್ತದೆ. ಮುಂಗಾರಿನ ಹೊಸ ನೀರಿಗೆ ಏರಿಬರುವ ಗಿರ್ಲಿನಂಥ ಮೀನೇ ಹತ್ತುಮೀನು; ಅದರ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಗಾಳ ಹಾಕುವ ಗೆಳೆಯರೇ, ಆ ಹೊತ್ತಿನ ನಾಲ್ಕು ವಾರ ಕೈ ಕಟ್ಟಿ ಕೂತರೆ ಮುಂದಿನ ವರ್ಷವೂ ನಮ್ಮ ಕೆರೆಯಲ್ಲಿ ಗಿರ್ಲು ಇರುತ್ತದೆ.