ಕೃಷ್ಣೆಯ ತವರಿನಲ್ಲಿ ಒಂದು ದಿನ

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಮಕ್ಕಳನ್ನೂ ವೃದ್ಧ ತಾಯಿಯವರನ್ನೂ ಕರೆದುಕೊಂಡು ಮಹಾಬಲೇಶ್ವರಕ್ಕೆ ಹೊರಟೆವು. ಪುಣೆಯಿಂದ ಸುಮಾರು ೧೨೦ ಕಿಲೋಮೀಟರಿನ ದಾರಿ. ನಸುಕಿನಲ್ಲೇ ಮೋಟಾರು ಹತ್ತಿದೆವು.

ಮೊದಲು ನಿಂತದ್ದು ವಾಯಿಯಲ್ಲಿ. ಕೃಷ್ಣೆಯ ದಂಡೆಯ ಮೇಲೆ ೧೭೬೨ರಲ್ಲಿ ಕಟ್ಟಿದ ಢೋಲ್ಯಾ ಗಣಪತಿಯ ಗುಡಿ ಇಲ್ಲಿದೆ. ಹೆಸರಿಗೆ ತಕ್ಕಂತೆ ಸ್ಥೂಲಕಾಯದ ಗಣಪ. ಒಂದೇ ಶಿಲೆಯ ಮೂರ್ತಿ. ಗುಡಿಯ ಹಿಂಭಾಗವನ್ನು ಮೀನಿನ ಆಕಾರದಲ್ಲಿ ಕಟ್ಟಿರುವುದರಿಂದ ನೆರೆಯ ನೀರು ಎರಡಾಗಿ ಸೀಳಿ ಹೋಗುತ್ತದೆ. ಮಕ್ಕಳು ಘಾಟಿನ ಮೆಟ್ಟಿಲಿಳಿದು ನೀರಾಟವಾಡಿದರು. ತಾಯಿಯವರು ಮಾತ್ರ ದೇವರಿಗೆ ಕೈಮುಗಿದು, ಹೊಳೆಯತ್ತ ಕಣ್ಣೆತ್ತಿಯೂ ನೋಡದೆ ಮೋಟಾರಿನಲ್ಲಿ ಕುಳಿತರು. ಕಾರಣ ನಮಗೆ ಗೊತ್ತಿತ್ತು. ಬಾಗಲಕೋಟೆ ಜಿಲ್ಲೆಯ ನಮ್ಮ ಹಳ್ಳಿಯ ಮನೆ, ಎರೆಹೊಲ ಎಲ್ಲವೂ ಆಲಮಟ್ಟಿಯ ಹಿನ್ನೀರಿನ ಪಾಲಾಗಿವೆ. ೨೦೦೫ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡಿತು. ಊರು ಬಿಟ್ಟಂದಿನಿಂದ ಅವರು ಹೊಳೆಗೆ ಹೋದವರಲ್ಲ.

ಪಸರಣಿ ಘಾಟವನ್ನೇರಿ ಪಂಚಗಣಿಗೆ ಬಂದೆವು. ಬೆಟ್ಟದ ನೆತ್ತಿಯಲ್ಲಿ ಮೇಜಿನಂತೆ ಹರಡಿದ ಜಂಬಿಟ್ಟಿಗೆ ಕಲ್ಲಿನ ಬಯಲಿನಿಂದ ಕೃಷ್ಣೆಯ ಕಣಿವೆಯನ್ನು ನೋಡಿ, ಮಧ್ಯಾಹ್ನಕ್ಕೆ ಕ್ಷೇತ್ರ ಮಹಾಬಲೇಶ್ವರವನ್ನು ತಲುಪಿದೆವು. ಅಲ್ಲಿ ಶಿವದರ್ಶನ ಮಾಡಿ, ಸಮೀಪದ ಪಂಚಗಂಗಾ ಮಂದಿರಕ್ಕೆ ಹೋದೆವು. ಕೃಷ್ಣಾ, ವೇಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಉಗಮ ಇದೆಂದು ಭಕ್ತರ ನಂಬಿಕೆ. ಸಾವಿತ್ರಿ ಪಡುಗಡಲಿಗೆ ಇಳಿಯುತ್ತಾಳೆ. ಕೃಷ್ಣೆಯೋ ಸುಮಾರು ೧,೪೦೦ ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ.

ಕಲ್ಲಿನ ಗೋಮುಖದಿಂದ ತೆಳ್ಳಗೆ ನೀರು ಬೀಳುತ್ತಿತ್ತು. ತಾಯಿಯವರು ಬಹಳ ಹೊತ್ತು ನೋಡಿದರು. “ತಮ್ಮಾ, ಇಷ್ಟ ಸಣ್ಣಾಕಿ ಇದ್ದಾಳಲ್ಲೋ! ನಮ್ಮ ಮನಿ ನುಂಗಿದಾಕಿ ಈಕೀನs ಏನು?” ಎಂದು ಕೇಳಿದರು. ನಮಗೆ ಉತ್ತರ ತೋಚಲಿಲ್ಲ. ಅವರೇ ಬೊಗಸೆಯೊಡ್ಡಿ ನೀರು ಹಿಡಿದು, ಕಣ್ಣಿಗೊತ್ತಿಕೊಂಡು ಕುಡಿದರು.

ಬಳಿಕ ಆರ್ಥರ್ಸ್ ಸೀಟ್ ಎಂಬ ಕಡಿದಾದ ಕೊಡುಗಲ್ಲಿನ ಬಳಿ ನಿಂತು ಸಾವಿತ್ರಿಯ ಆಳವಾದ ಕಣಿವೆಯನ್ನು ನೋಡಿದೆವು. ಮಕ್ಕಳ ಕೈ ಬಿಡುವ ಧೈರ್ಯ ನಮಗಾಗಲಿಲ್ಲ!

ಸಂಜೆ ಮರಳುವಾಗ ವಾಯಿ ಬಂದೊಡನೆ ತಾಯಿಯವರೇ ಮೋಟಾರು ನಿಲ್ಲಿಸಿದರು. ಪೇಟೆಯಲ್ಲಿ ಒಂದು ಖಣ, ತೆಂಗಿನಕಾಯಿ, ಎಲೆಯಡಿಕೆ, ಅರಿಸಿನ ಕುಂಕುಮ ಕೊಂಡು, ಸೊಸೆಯ ಕೈಹಿಡಿದು ಘಾಟಿನ ಮೆಟ್ಟಿಲಿಳಿದು ಕೃಷ್ಣೆಗೆ ಉಡಿ ತುಂಬಿದರು.

“ಊರಿನ ಕಡೆ ಹೊಂಟಾಳ. ಬರೇ ಉಡೀಲೆ ಹೆಂಗ ಕಳಸೂದು?” ಎಂದರು.